ಕಾಗದದ ಕಾಡತೂಸು ಕಟ್ಟೋಣ ಬನ್ನಿ

ಹತ್ತನೇ ತರಗತಿಯಲ್ಲಿ ‘ಹಲಗಲಿ ಬೇಡರು’ ಲಾವಣಿ ಓದಿದವರಿಗೆ ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ನೆನಪಿರಲೇಬೇಕು. ಕೆರೂರಿನವರಾದ ನಮಗಂತೂ ಮುಧೋಳ, ಕಲಾದಗಿ, ಹಲಗಲಿ ಎಲ್ಲವೂ ಬಸ್ ಬೋರ್ಡಿನ ಮೇಲೆ ಕಾಣುವ ಊರುಗಳು. ಆ ಕಥೆಯೊಳಗೆ ಒಂದು ಪುಟ್ಟ ಎಂಜಿನಿಯರಿಂಗ್ ಪಾಠವೂ ಇದೆ. ಅದರ ಹೆಸರು ಕಾಡತೂಸು.

1857ರಲ್ಲಿ ಬಂದೂಕಿಗೆ ಈಗಿನ ಹಿತ್ತಾಳೆ ತೋಟಾ ಇರಲಿಲ್ಲ. ಎನ್‌ಫೀಲ್ಡ್ ರೈಫಲ್ಲಿನ ಕಾಡತೂಸು ಎಂದರೆ ಕಾಗದದ ಸುರುಳಿ. ಒಳಗೆ ಸುಮಾರು 4.5 ಗ್ರಾಂ ಕಪ್ಪು ಮದ್ದು, ಒಂದು ಸೀಸದ ಗುಂಡು. ಗುಂಡಿನ ತುದಿಗೆ ಜಿಡ್ಡು. ಸೈನಿಕ ಕಾಗದವನ್ನು ಹಲ್ಲಿನಿಂದ ಹರಿದು, ಮದ್ದನ್ನು ನಳಿಕೆಗೆ ಸುರಿದು, ಗುಂಡನ್ನು ಸಲಾಕೆಯಿಂದ ಕೆಳಕ್ಕೆ ತಳ್ಳಿ, ಕೇಪು ಕೂರಿಸಿ ಗುರಿ ಹಿಡಿಯಬೇಕಿತ್ತು. ಪಳಗಿದವನೂ ನಿಮಿಷಕ್ಕೆ ಮೂರು ಸುತ್ತು ಹಾರಿಸಿದರೆ ದೊಡ್ಡದು.

ಜಿಡ್ಡು ದನದ್ದೋ ಹಂದಿಯದೋ ಎಂಬ ಶಂಕೆಯೇ ಉತ್ತರದಲ್ಲಿ ಕಿಡಿಯಾಯಿತು. ಏಪ್ರಿಲ್ 24ರಂದು ಮೀರತ್‌ನಲ್ಲಿ 85 ಸವಾರರು ಕಾಡತೂಸು ಮುಟ್ಟಲು ಒಪ್ಪಲಿಲ್ಲ. ನಮ್ಮಲ್ಲಿ ಕಾರಣ ಬೇರೆ. ಆಯುಧಗಳನ್ನೇ ಒಪ್ಪಿಸಿ ಎಂಬ ಕಾನೂನು ಬಂತು. ಹಲಗಲಿಯವರು ಕೊಡಲಿಲ್ಲ. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಪಡೆ ಊರಿಗೆ ನುಗ್ಗಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನು, 14ರಂದು ಹಲಗಲಿಯಲ್ಲೇ 6 ಮಂದಿಯನ್ನು ಗಲ್ಲಿಗೇರಿಸಿದರು.

ಹಳೆಯ ಯುದ್ಧಗಳನ್ನು ಮೈದಾನದಲ್ಲಿ ಮತ್ತೆ ಆಡಿ ತೋರಿಸುವ ಹವ್ಯಾಸಿ ತಂಡಗಳು ಇಂಗ್ಲೆಂಡ್, ಅಮೆರಿಕದಲ್ಲಿವೆ. ಅವರು ಗುಂಡಿಲ್ಲದ, ಬರೀ ಮದ್ದಿನ ಕಾಡತೂಸು ಸುತ್ತಿಕೊಳ್ಳುತ್ತಾರೆ. ಮೈಸೂರು ದಸರೆಯ ಕುಶಾಲತೋಪೂ ಅಷ್ಟೇ: 21 ಸುತ್ತು, ಗುಂಡು ಒಂದೂ ಇಲ್ಲ. ಗುಂಡಿನ ತಡೆ ಇಲ್ಲದಿದ್ದಾಗ ಮದ್ದು ಉರಿದ ಅನಿಲ ಬೇಗ ಹೊರಗೆ ನುಗ್ಗುತ್ತದೆ, ಒಳಗಿನ ಒತ್ತಡ ಕಡಿಮೆ. ಹಾಗಂತ ಅದು ಆಟಿಕೆಯಲ್ಲ. ಬಾಯಿಂದ ಬರುವ ಬೆಂಕಿ, ಬಿಸಿ ಅನಿಲ ಹತ್ತಿರ ಇದ್ದವರನ್ನು ಸುಡುತ್ತದೆ. ನಳಿಕೆಯಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ ಅದೇ ಗುಂಡಾಗುತ್ತದೆ. 1993ರಲ್ಲಿ ನಟ ಬ್ರ್ಯಾಂಡನ್ ಲೀ ಚಿತ್ರೀಕರಣದಲ್ಲಿ ಸತ್ತದ್ದು ಹೀಗೆಯೇ. ಅದಕ್ಕೇ ಆ ತಂಡಗಳು ಆಟದ ವೇಳೆ ಸಲಾಕೆಯನ್ನು ನಳಿಕೆಗೆ ಇಳಿಸುವುದಿಲ್ಲ, ಎದುರಿನವರ ಮೇಲೆ ನೇರ ಗುರಿಯನ್ನೂ ಇಡುವುದಿಲ್ಲ.

ನಮ್ಮ ಊರಿನ ನಾಟಕಗಳಿಗೆ ಮದ್ದು ಬೇಡವೇ ಬೇಡ. ಪರವಾನಗಿ ಇಲ್ಲದೆ ಅದನ್ನು ಮುಟ್ಟುವುದು ಅಪರಾಧ. ಆದರೆ ಕಾಡತೂಸು ಕಟ್ಟಬಹುದು. ಒಂದು ತುದಿ ಓರೆಯಾಗಿ ಕತ್ತರಿಸಿದ ಗಟ್ಟಿ ಕಾಗದವನ್ನು ದಪ್ಪ ಸ್ಕೆಚ್ ಪೆನ್ನಿಗೆ ಸುತ್ತಿ, ಕೆಳತುದಿಯನ್ನು ದಾರದಿಂದ ಬಿಗಿದು, ಪೆನ್ನು ಎಳೆದು, ಒಂದಿಷ್ಟು ಸಜ್ಜೆ ಕಾಳು ಹಾಕಿ, ಮೇಲ್ತುದಿಯನ್ನು ಹೊರಳಿಸಿ ಮಡಚಿ. ಮುಗಿಯಿತು. ಮರದ ಬಂದೂಕು ಹಿಡಿದ ಪಾತ್ರಧಾರಿ ಅದನ್ನು ಕಚ್ಚಿ ಹರಿಯಲಿ, ಸುರಿಯಲಿ, ಸಲಾಕೆ ಆಡಿಸಲಿ. ಸದ್ದಿಗೆ ಪಟಾಕಿ ಯಾಕೆ? ನಗಾರಿಗೆ ಒಂದು ಪೆಟ್ಟು ಸಾಕು.

ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಇಪ್ಪತ್ತು ಸೆಕೆಂಡು. ಕೈ ನಡುಗಿದರೆ ಮದ್ದು ನೆಲದ ಪಾಲು. ಇಷ್ಟು ಗೊತ್ತಾದರೆ, ಲಾವಣಿಯಲ್ಲಿ ಬರುವ ಕಾಳಗ ಹಾಡಿನ ಓಟದಷ್ಟು ಸಲೀಸಾಗಿರಲಿಲ್ಲ, ಆಯುಧ ಕೊಡುವುದಿಲ್ಲ ಎಂದವರು ಏನನ್ನು ಎದುರು ಹಾಕಿಕೊಂಡಿದ್ದರು ಎಂಬುದು ತಿಳಿಯುತ್ತದೆ. ಮುಂದಿನ ಸಲ ಶಾಲೆಯ ವಾರ್ಷಿಕೋತ್ಸವಕ್ಕೆ ಈ ಕಥೆ ಆಡುವ ಮಕ್ಕಳಿಗೆ ಹತ್ತು ಕಾಡತೂಸು ಕಟ್ಟಿಕೊಡಿ. ಖರ್ಚು ಹತ್ತು ಹಾಳೆ ಕಾಗದ, ಒಂದು ಹಿಡಿ ಸಜ್ಜೆ.