ಹಳೆಯ ಕಾರಿಗೆ ಕೈ ಪಾಲಿಶ್

ಹಳೆಯ ಅಂಬಾಸಿಡರ್, ಪದ್ಮಿನಿ ಕಾರುಗಳ ಮೂಲ ಬಣ್ಣದ ಮೇಲೆ ಸಾಮಾನ್ಯವಾಗಿ ಕ್ಲಿಯರ್ ಕೋಟ್ ಇರುವುದಿಲ್ಲ. ಹಾಗಾಗಿ ಬಿಸಿಲಿಗೆ ಬಣ್ಣದ ಮೇಲ್ಪದರವೇ ಸುಣ್ಣದಂತೆ ಪುಡಿಯಾಗಿ ಮಂಕಾಗುತ್ತದೆ. ಪಾಲಿಶ್ ಎಂದರೆ ಆ ಸತ್ತ ಪದರವನ್ನು ತೆಗೆಯುವುದು. ತಿಕ್ಕುವ ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಗಾಬರಿ ಬೇಡ. ವಿದ್ಯುತ್ ಮಗ್ಗದ ಒರಟು ಗಾಡಾ ಬಟ್ಟೆಗಿಂತ ತಿರುಪ್ಪೂರಿನ ಬನಿಯನ್ ವೇಸ್ಟೇ ಈ ಕೆಲಸಕ್ಕೆ ಮೇಲು. ಹೊಲಿಗೆಯ ಅಂಚನ್ನು ಮಾತ್ರ ಕತ್ತರಿಸಿರಬೇಕು, ಇಲ್ಲದಿದ್ದರೆ ಗೀರು ಬೀಳುತ್ತದೆ. ಕಾರನ್ನು ತೊಳೆದು, ನೆರಳಲ್ಲಿ ಒಣಗಿಸಿ, ಒಂದೊಂದು ಅಡಿ ಜಾಗಕ್ಕೆ ನುಣುಪಾದ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಹಗುರವಾಗಿ ತಿಕ್ಕಬೇಕು. ಬಾನೆಟ್ಟಿನ ಅಂಚು, ಏಣುಗಳಲ್ಲಿ ಬಣ್ಣ ತೆಳು. ಜೋರು ಮಾಡಿದರೆ ಪ್ರೈಮರ್ ಇಣುಕುತ್ತದೆ. ಕೊನೆಗೆ ತೆಳುವಾಗಿ ವ್ಯಾಕ್ಸ್. ಪ್ರತಿ ಸಲವೂ ಕಾಂಪೌಂಡ್ ಬೇಡ. 3 ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚಿದರೆ ಸಾಕು.