ಮನೆ ಕಂದಾಯದ ಆರು ಪೈಸೆ

ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ಶೇ 5ರಷ್ಟು ರಿಯಾಯಿತಿ ಎಂದು ನಗರಸಭೆ, ಪುರಸಭೆಗಳ ಕೌಂಟರ್ ಮುಂದೆ ಪ್ರತಿವರ್ಷ ಸಾಲು ನಿಲ್ಲುತ್ತದೆ. ಮನೆ ಕಂದಾಯದ ರಸೀತಿ ಕೈಗೆ ಬಂದೊಡನೆ ಕಣ್ಣು ಹೋಗುವುದು ಕೊನೆಯ ಸಾಲಿನ ಒಟ್ಟು ಮೊತ್ತಕ್ಕೆ. ನಡುವಿನ ಸಣ್ಣಪುಟ್ಟ ಸಾಲುಗಳನ್ನು ಓದುವವರು ಕಡಿಮೆ. ಆರೋಗ್ಯ ಕರ ಶೇ 15, ಭಿಕ್ಷುಕರ ಕರ ಶೇ 3, ಇವೆರಡರ ಜೊತೆಗೇ ಗ್ರಂಥಾಲಯ ಕರ ಶೇ 6, ಅಂದರೆ ರೂಪಾಯಿಗೆ ಆರು ಪೈಸೆ. ಕಂದಾಯ 5 ಸಾವಿರ ರೂಪಾಯಿ ಆದರೆ ಗ್ರಂಥಾಲಯದ ಪಾಲು 300 ರೂಪಾಯಿ. ಮನೆಯಲ್ಲಿ ಒಬ್ಬರೂ ಗ್ರಂಥಾಲಯದ ಮೆಟ್ಟಿಲು ಹತ್ತಿರದಿದ್ದರೂ ಆ 300 ರೂಪಾಯಿ ಕೊಟ್ಟೇ ಆಗಿರುತ್ತದೆ.

ಹಳ್ಳಿಯವರಿಗೂ ಇದು ತಪ್ಪಿದ್ದಲ್ಲ. ಗ್ರಾಮ ಪಂಚಾಯಿತಿಯ ಕರ ರಸೀತಿಯಲ್ಲೂ ಅದೇ ಆರು ಪೈಸೆಯ ಸಾಲು ಇದೆ. ರಾಜ್ಯದಲ್ಲಿ ಸರ್ಕಾರಿ ಗ್ರಂಥಾಲಯಗಳ ಬಾಗಿಲು ತೆರೆದಿರುವುದರ ಹಿಂದೆ ಈ ಚಿಲ್ಲರೆ ದುಡ್ಡಿದೆ. ಕೆಲವೆಡೆ ಆ ಬಾಗಿಲು ಅರ್ಧ ಮಾತ್ರ ತೆರೆದಿರುವುದಕ್ಕೂ ಇದೇ ದುಡ್ಡಿನ ಕಥೆ ಕಾರಣ.

ಕಥೆ ಶುರುವಾಗುವುದು 1965ರಲ್ಲಿ. ಆ ವರ್ಷ ಆಗಿನ ಮೈಸೂರು ರಾಜ್ಯ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯನ್ನು ಅಂಗೀಕರಿಸಿತು. 1966ರ ನವೆಂಬರ್ 1ರಿಂದ ಕಾಯ್ದೆ ಜಾರಿಗೆ ಬಂತು, ಗ್ರಂಥಾಲಯಗಳಿಗೇ ಒಂದು ಪ್ರತ್ಯೇಕ ಇಲಾಖೆ ಹುಟ್ಟಿತು. ದೇಶದಲ್ಲಿ ಇಂಥ ಕಾನೂನುಗಳು ಬರಬೇಕೆಂದು ದಶಕಗಳ ಕಾಲ ಬೆನ್ನುಹತ್ತಿದವರು ಎಸ್.ಆರ್. ರಂಗನಾಥನ್. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆಯಾದ 1948ರ ಮದ್ರಾಸ್ ಕಾಯ್ದೆಯ ಹಿಂದೆ ಇದ್ದವರೂ ಅವರೇ. ಬದುಕಿನ ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ. ಇಲ್ಲಿಯೇ 1962ರಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಮತ್ತು ಸಂಶೋಧನಾ ಕೇಂದ್ರ ಕಟ್ಟಿದರು, ಇಲ್ಲಿಯೇ 1972ರಲ್ಲಿ ತೀರಿಕೊಂಡರು.

ರಂಗನಾಥನ್ ಪಟ್ಟು ಹಿಡಿಯುತ್ತಿದ್ದ ಸಂಗತಿ ಸರಳ. ಗ್ರಂಥಾಲಯವನ್ನು ದಾನಿಗಳ ಔದಾರ್ಯಕ್ಕೋ ಮಂತ್ರಿಗಳ ಮನಸ್ಸಿಗೋ ಬಿಡಬಾರದು, ಅದಕ್ಕೆ ವರ್ಷವರ್ಷವೂ ತಾನಾಗಿ ಹರಿದುಬರುವ ಸ್ವಂತ ಆದಾಯ ಬೇಕು. ಕರ್ನಾಟಕದ ಕಾಯ್ದೆ ಇದನ್ನೇ ಮಾಡಿತು. ಸ್ಥಳೀಯ ಸಂಸ್ಥೆಗಳ ತೆರಿಗೆಯ ಪ್ರತಿ ರೂಪಾಯಿಯ ಮೇಲೆ ಮೊದಲು ಮೂರು ಪೈಸೆ, ಆಮೇಲೆ ಆರು ಪೈಸೆ ಉಪಕರ. ಇದರ ಜೊತೆಗೆ ಜಿಲ್ಲೆಯಲ್ಲಿ ವಸೂಲಾಗುವ ಭೂಕಂದಾಯದ ಒಂದು ಪಾಲು ಸರ್ಕಾರದಿಂದ.

ಕಾಯ್ದೆ ಬರೆದವರು ಆಗ ನಾಲ್ಕು ಬಗೆಯ ತೆರಿಗೆಗಳನ್ನು ಹೆಸರಿಸಿದ್ದರು: ನಿವೇಶನ ಮತ್ತು ಕಟ್ಟಡ, ಊರೊಳಗೆ ಬರುವ ಸರಕು, ವಾಹನ, ವೃತ್ತಿ. ಕಾಲ ಕಳೆದಂತೆ ಈ ನಾಲ್ಕು ಕಾಲುಗಳಲ್ಲಿ ಮೂರು ಸವೆದವು. 1976ರಲ್ಲಿ ವೃತ್ತಿ ತೆರಿಗೆಗೆ ರಾಜ್ಯದ್ದೇ ಕಾಯ್ದೆ ಬಂತು. ಊರ ಬಾಗಿಲಲ್ಲಿ ಲಾರಿ ತಡೆದು ಪಡೆಯುತ್ತಿದ್ದ ಆಕ್ಟ್ರಾಯ್ 1979ರಲ್ಲಿ ರದ್ದಾಯಿತು. ಸೈಕಲ್ಲಿಗೂ ಗಾಡಿಗೂ ಬಿಲ್ಲೆ ಕಟ್ಟಿ ತೆರಿಗೆ ಪಡೆಯುತ್ತಿದ್ದ ಕಾಲ ಹೊರಟೇಹೋಯಿತು. ಹೀಗೆ ಇಡೀ ಭಾರ ಬಂದು ಕೂತದ್ದು ಮನೆ ಕಂದಾಯದ ಮೇಲೆ.

ಹಾಗೆಂದು ಅದೇನೂ ಕಡಿಮೆ ದುಡ್ಡಲ್ಲ. ಬೆಂಗಳೂರಿನಂಥ ನಗರದಲ್ಲಿ ಆಸ್ತಿ ತೆರಿಗೆ ಸಾವಿರಾರು ಕೋಟಿ ರೂಪಾಯಿಯ ಬಾಬತ್ತು. ಅದರ ಮೇಲಿನ ಶೇ 6 ಎಂದರೆ ಕಟ್ಟಡ, ಪುಸ್ತಕ, ಪತ್ರಿಕೆ, ವಿದ್ಯುತ್ ಬಿಲ್ಲು ಎಲ್ಲಕ್ಕೂ ಸಾಲುವಷ್ಟು. ತೊಡಕು ಇರುವುದು ವಸೂಲಿಯಾದ ಮೇಲೆ. ಕರ ಕಟ್ಟಿಸಿಕೊಳ್ಳುವುದು ಪಾಲಿಕೆ ಅಥವಾ ಪಂಚಾಯಿತಿ, ಖರ್ಚು ಮಾಡಬೇಕಾದದ್ದು ಗ್ರಂಥಾಲಯ ಪ್ರಾಧಿಕಾರ. ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ದುಡ್ಡು ನಿಂತುಬಿಡುತ್ತದೆ. ಸಂಬಳ ಕೊಡಬೇಕು, ಗುತ್ತಿಗೆದಾರರ ಬಿಲ್ಲು ತೀರಿಸಬೇಕು, ರಸ್ತೆ ಗುಂಡಿ ಮುಚ್ಚಬೇಕು ಎನ್ನುವ ಒತ್ತಡದಲ್ಲಿ ಇರುವ ಸಂಸ್ಥೆಗೆ ಕೈಯಲ್ಲಿರುವ ಗ್ರಂಥಾಲಯದ ಹಣ ಸುಲಭದ ಕೈಗಡ. ಬೆಂಗಳೂರು ಮಹಾನಗರ ಪಾಲಿಕೆ ಹೀಗೆ ಉಳಿಸಿಕೊಂಡ ಬಾಕಿ ನೂರಾರು ಕೋಟಿ ಎಂಬುದು ಪತ್ರಿಕೆಗಳಲ್ಲಿ ವರ್ಷವರ್ಷವೂ ಮರುಕಳಿಸಿದ ಸುದ್ದಿ. ಸಣ್ಣ ಊರುಗಳ ಲೆಕ್ಕದಲ್ಲೂ ಬಾಕಿ ಇಲ್ಲದೆ ಇಲ್ಲ.

ಬಾಕಿಯ ಬಿಸಿ ಮೊದಲು ತಟ್ಟುವುದು ಕನ್ನಡ ಪುಸ್ತಕಕ್ಕೆ. ಸಗಟು ಖರೀದಿಯಲ್ಲಿ ಗ್ರಂಥಾಲಯ ಇಲಾಖೆ ಒಂದು ಶೀರ್ಷಿಕೆಯ 300 ಪ್ರತಿ ಕೊಳ್ಳುತ್ತದೆ ಎನ್ನುವ ಭರವಸೆಯ ಮೇಲೆಯೇ ಎಷ್ಟೋ ಕವನ ಸಂಕಲನ, ಸಂಶೋಧನಾ ಗ್ರಂಥಗಳು ಅಚ್ಚಿನ ಮನೆ ಕಂಡಿವೆ. ಖರೀದಿ ಒಂದು ವರ್ಷ ಹಿಂದೆ ಬಿದ್ದರೆ ಪ್ರಕಾಶಕರ ಗೋದಾಮಿನಲ್ಲಿ ಕಟ್ಟುಗಳು ಕಟ್ಟುಗಳಾಗಿಯೇ ಉಳಿಯುತ್ತವೆ.

ಕಟ್ಟಡದ ದುಡ್ಡಿನ ದಾರಿ ಬೇರೆ. ಅದು ಬರುವುದು ದೊಡ್ಡ ಗಂಟಾಗಿ, ಬಂದರೆ ಒಮ್ಮೆ. ಮೊದಲು ಜಾಗ ಬೇಕು. ಬಡಾವಣೆಗಳಲ್ಲಿ ಸಾರ್ವಜನಿಕ ಬಳಕೆಗೆಂದು ಬಿಟ್ಟ ಸಿ.ಎ. ನಿವೇಶನಕ್ಕೆ ಗ್ರಂಥಾಲಯದ ಜೊತೆ ಅಂಗನವಾಡಿ, ಸಮುದಾಯ ಭವನ, ದೇವಸ್ಥಾನ ಸಮಿತಿ ಎಲ್ಲರೂ ಅರ್ಜಿ ಹಾಕಿರುತ್ತಾರೆ. ಜಾಗ ಸಿಕ್ಕಿತೋ, ಎಂಜಿನಿಯರ್ ಅಂದಾಜು ಪಟ್ಟಿ ತಯಾರಿಸಬೇಕು. ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್. ಹಣದ ಬಾಬು ನೋಡಿದರೆ ಕೌದಿಯ ಹಾಗೆ ತುಂಡುತುಂಡು: ಉಪಕರದ್ದು ಸ್ವಲ್ಪ, ರಾಜ್ಯ ಬಜೆಟ್‌ನದು ಸ್ವಲ್ಪ, ಶಾಸಕರ ಪ್ರದೇಶಾಭಿವೃದ್ಧಿ ನಿಧಿಯದು ಇನ್ನಷ್ಟು. ಒಂದು ಬಾಬು ತಡವಾದರೆ ತಾರಸಿಯವರೆಗೆ ಬಂದ ಕಟ್ಟಡ ಕಬ್ಬಿಣದ ಸರಳುಗಳನ್ನು ಆಕಾಶಕ್ಕೆ ಚಾಚಿ ನಿಲ್ಲುತ್ತದೆ.

ಕೇಂದ್ರ ಸರ್ಕಾರದ ಪಾತ್ರ ಇಲ್ಲಿ ಸೀಮಿತ, ಏಕೆಂದರೆ ಸಂವಿಧಾನದ ಪ್ರಕಾರ ಗ್ರಂಥಾಲಯ ರಾಜ್ಯಪಟ್ಟಿಯ ವಿಷಯ. ಆದರೂ ಕೋಲ್ಕತ್ತದಲ್ಲಿರುವ ರಾಜಾ ರಾಮಮೋಹನ್ ರಾಯ್ ಗ್ರಂಥಾಲಯ ಪ್ರತಿಷ್ಠಾನ 1972ರಿಂದ ರಾಜ್ಯಗಳ ಕೈಹಿಡಿದಿದೆ. ಪುಸ್ತಕ ಖರೀದಿ, ಕಪಾಟು, ಕಟ್ಟಡ ವಿಸ್ತರಣೆ ಇಂಥವಕ್ಕೆ ಅದು ಕೊಡುವ ನೆರವಿನಲ್ಲಿ ಮುಖ್ಯವಾದದ್ದು ಮ್ಯಾಚಿಂಗ್ ಗ್ರಾಂಟ್. ರಾಜ್ಯ ತನ್ನ ಪಾಲು ಹಾಕಿದರೆ ಪ್ರತಿಷ್ಠಾನ ತನ್ನದನ್ನು ಸೇರಿಸುತ್ತದೆ. ರಾಜ್ಯ ಕೈಬಿಚ್ಚದಿದ್ದರೆ ಕೋಲ್ಕತ್ತದ ದುಡ್ಡೂ ಬರುವುದಿಲ್ಲ.

ಈ ಉಪಾಯ ಹೊಸತೇನಲ್ಲ. 1910ರ ಸುಮಾರಿಗೆ ಬರೋಡ ಸಂಸ್ಥಾನದ ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡ್ ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿ ಊರೂರಿಗೆ ಗ್ರಂಥಾಲಯ ಹಬ್ಬಿಸಿದರು. ಅಲ್ಲಿಯ ಲೆಕ್ಕ ಹೀಗಿತ್ತು: ಊರಿನವರು ಒಂದು ಪಾಲು ಚಂದಾ ಎತ್ತಿದರೆ ಪ್ರಾಂತ ಪಂಚಾಯಿತಿ ಅಷ್ಟೇ ಮೊತ್ತ ಕೊಡಬೇಕು, ಸರ್ಕಾರವೂ ಅಷ್ಟೇ ಸೇರಿಸಬೇಕು. ಮೂವರ ಕೈ ತಾಗಿದ ಗ್ರಂಥಾಲಯವನ್ನು ಯಾರೂ ಪರರದ್ದೆಂದು ಬಿಟ್ಟುಹಾಕುವ ಹಾಗಿರಲಿಲ್ಲ. ಅಮೆರಿಕದ ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿ ಜಗತ್ತಿನ ನಾನಾ ಕಡೆ 2,509 ಗ್ರಂಥಾಲಯ ಕಟ್ಟಿಸಲು ಹಣ ಕೊಟ್ಟ. ಆತನದೂ ಇಂಥದೇ ಪಟ್ಟು. ಜಾಗ ಊರಿನವರು ಕೊಡಬೇಕು, ಮತ್ತು ಕಟ್ಟಡಕ್ಕೆ ತಾನು ಕೊಟ್ಟ ಮೊತ್ತದ ಹತ್ತನೇ ಒಂದರಷ್ಟನ್ನು ಪ್ರತಿವರ್ಷ ತೆರಿಗೆಯಿಂದ ತೆಗೆದಿಡಬೇಕು. ವ್ಯಾಪಾರಿಗೆ ಗೊತ್ತಿತ್ತು, ಮದುವೆ ಖರ್ಚು ಬೇರೆ, ಸಂಸಾರದ ಖರ್ಚು ಬೇರೆ.

ಇಂಗ್ಲೆಂಡ್ ಇದನ್ನು ಪೆಟ್ಟು ತಿಂದು ಕಲಿಯಿತು. ವಿಲಿಯಂ ಎವಾರ್ಟ್ ತಂದ 1850ರ ಕಾಯ್ದೆ ಪಟ್ಟಣಗಳಿಗೆ ಪೌಂಡಿಗೆ ಅರ್ಧ ಪೆನ್ನಿಯಂತೆ ಗ್ರಂಥಾಲಯ ತೆರಿಗೆ ಹಾಕುವ ಅಧಿಕಾರ ಕೊಟ್ಟಿತು. ಆ ಹಣದಲ್ಲಿ ಕಟ್ಟಡ ಕಟ್ಟಬಹುದಿತ್ತು, ಸಿಬ್ಬಂದಿ ಇಡಬಹುದಿತ್ತು, ಪುಸ್ತಕ ಮಾತ್ರ ಕೊಳ್ಳುವಂತಿರಲಿಲ್ಲ! ಪುಸ್ತಕಗಳನ್ನು ದಾನಿಗಳು ಕೊಡುತ್ತಾರೆಂದು ಸಂಸತ್ತು ನಂಬಿತ್ತು. ಐದೇ ವರ್ಷದಲ್ಲಿ ಕಾನೂನು ತಿದ್ದಿ ತೆರಿಗೆಯನ್ನು ಒಂದು ಪೆನ್ನಿಗೆ ಏರಿಸಿ, ಪುಸ್ತಕ ಖರೀದಿಗೂ ಅನುಮತಿ ಕೊಡಬೇಕಾಯಿತು.

ನಮ್ಮ ಹಳ್ಳಿಗಳಲ್ಲಿ ಈ ತೊಡಕು ಇನ್ನೊಂದು ರೂಪದಲ್ಲಿ ಬಂದಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಅಲ್ಲಿಯವರೆಗೆ ಹೆಚ್ಚಿನವುಗಳ ಸ್ಥಿತಿ ಒಂದೇ ಅಚ್ಚಿನದು: ಪಂಚಾಯಿತಿ ಕಟ್ಟಡದ ಮೂಲೆಯ ಕೋಣೆ, ಸೋರುವ ಚಾವಣಿ, ಬೀಗ ಹಾಕಿದ ಗಾಡ್ರೆಜ್ ಬೀರು, ಗೆದ್ದಲು ಮುಟ್ಟಿದ ಕೆಳಗಿನ ಸಾಲು. ಗೌರವಧನಕ್ಕೆ ದುಡಿಯುತ್ತಿದ್ದ ಮೇಲ್ವಿಚಾರಕರು ಬಾಗಿಲು ತೆರೆಯುತ್ತಿದ್ದದ್ದು ದಿನದ ಕೆಲವೇ ಗಂಟೆ. 2020ರ ಮಕ್ಕಳ ದಿನಾಚರಣೆಯಂದು 'ಓದುವ ಬೆಳಕು' ಅಭಿಯಾನ ಶುರುವಾಯಿತು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ ಹೊತ್ತು. 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಗೋಡೆಗೆ ಬಣ್ಣ, ಗೋಡೆಯ ಮೇಲೆ ಚಿತ್ರ, ಮಕ್ಕಳ ಎತ್ತರಕ್ಕೆ ತಕ್ಕ ಮೇಜು, ಎಷ್ಟೋ ಕಡೆ ಕಂಪ್ಯೂಟರ್. ಹೆಸರೂ 'ಅರಿವು ಕೇಂದ್ರ' ಎಂದಾಯಿತು.

ಈ ನವೀಕರಣಕ್ಕೆ ಪಂಚಾಯಿತಿಗಳು ಮುಟ್ಟಿದ ಗಂಟುಗಳಲ್ಲಿ ಒಂದು ಹಣಕಾಸು ಆಯೋಗದ ಅನುದಾನ. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಒಪ್ಪಿಸಬಹುದಾದ 29 ವಿಷಯಗಳಿವೆ. ಗ್ರಂಥಾಲಯ ಅದರಲ್ಲಿ 20ನೆಯದು. ಆದರೆ 2021ರಿಂದ 2026ರವರೆಗಿನ ಅವಧಿಗೆ 15ನೇ ಹಣಕಾಸು ಆಯೋಗ ಕೊಟ್ಟ ಅನುದಾನದಲ್ಲಿ ಶೇ 60 ಕುಡಿಯುವ ನೀರು, ನೈರ್ಮಲ್ಯಗಳಿಗೇ ಮೀಸಲಾಗಿತ್ತು. ಉಳಿದ ಶೇ 40ರಲ್ಲಿ ಚರಂಡಿ, ಬೀದಿದೀಪ, ರಸ್ತೆಗಳ ಜೊತೆ ಗ್ರಂಥಾಲಯ ಜಾಗ ಗಿಟ್ಟಿಸಬೇಕಿತ್ತು. ಇನ್ನೂ ಒಂದು ಷರತ್ತು: ಆ ಹಣದಲ್ಲಿ ಸಂಬಳ ಕೊಡುವಂತಿರಲಿಲ್ಲ. ಅಂದರೆ ಹೊಸ ಕಿಟಕಿ ಕೂರಿಸಬಹುದಿತ್ತು, ಕಿಟಕಿ ತೆರೆಯುವವರಿಗೆ ಬೇರೆ ದುಡ್ಡು ಹುಡುಕಬೇಕಿತ್ತು. ಪಂಚಾಯಿತಿಯೇ ವಸೂಲಿ ಮಾಡುವ ಗ್ರಂಥಾಲಯ ಉಪಕರಕ್ಕೆ ಬೆಲೆ ಬರುವುದು ಇಲ್ಲಿಯೇ. ಯಾವ ಪಂಚಾಯಿತಿಯಲ್ಲಿ ಮನೆ ಕಂದಾಯದ ವಸೂಲಿ ಚೆನ್ನಾಗಿದೆಯೋ ಅಲ್ಲಿಯ ಅರಿವು ಕೇಂದ್ರಕ್ಕೆ ಪತ್ರಿಕೆ, ಇಂಟರ್‌ನೆಟ್, ಕರೆಂಟು ಬಿಲ್ಲಿನ ಚಿಂತೆ ಅಷ್ಟಿಲ್ಲ. ಕಾಡಂಚಿನ ಬಡ ಪಂಚಾಯಿತಿಯಲ್ಲಿ ಆರು ಪೈಸೆಯನ್ನು ಎಷ್ಟು ಕೂಡಿಸಿದರೂ ವರ್ಷದ ಪತ್ರಿಕೆಗೆ ಸಾಲದು.

ಭಾರಿ ಕಟ್ಟಡವಿದ್ದರೆ ಈ ಕಷ್ಟ ಇಲ್ಲ ಎನ್ನುವಂತೆಯೂ ಇಲ್ಲ. ಚೆನ್ನೈನ ಕೋಟ್ಟೂರುಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯ 2010ರಲ್ಲಿ ತೆರೆಯಿತು. ಬಹುಮಹಡಿ, ಹವಾನಿಯಂತ್ರಣ, ಮಕ್ಕಳಿಗೇ ಒಂದು ವಿಭಾಗ. ಮರುವರ್ಷ ಸರ್ಕಾರ ಬದಲಾಯಿತು. ಹೊಸ ಸರ್ಕಾರ ಅದನ್ನು ಮಕ್ಕಳ ಆಸ್ಪತ್ರೆ ಮಾಡಲು ಹೊರಟಿತು. ಮದ್ರಾಸ್ ಹೈಕೋರ್ಟ್ ತಡೆದಿದ್ದರಿಂದ ಗ್ರಂಥಾಲಯ ಉಳಿಯಿತು, ಆದರೆ ನಿರ್ವಹಣೆ ಹದಗೆಟ್ಟಿತು. ಅದನ್ನು ಸರಿಪಡಿಸಲೂ ನ್ಯಾಯಾಲಯವೇ ಮತ್ತೆ ಕೇಳಬೇಕಾಯಿತು. ಅದೇ ತಮಿಳುನಾಡು 2023ರಲ್ಲಿ ಮದುರೈನಲ್ಲಿ ಮತ್ತೊಂದು ಬೃಹತ್ ಗ್ರಂಥಾಲಯ ತೆರೆದಿದೆ.

ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಸಮಸ್ಯೆ ಇನ್ನೊಂದು ಬಗೆಯದು. ಶತಮಾನ ದಾಟಿದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಒಂದು ತಂತಿ ಎಳೆಯಬೇಕಾದರೂ ಪಾರಂಪರಿಕ ಕಟ್ಟಡಕ್ಕೆ ಧಕ್ಕೆಯಾಗದಂತೆ ಎಳೆಯಬೇಕು. ಗಾಲಿಕುರ್ಚಿಗೆ ಇಳಿಜಾರು, ಹೆಣ್ಣುಮಕ್ಕಳಿಗೆ ಶೌಚಾಲಯ, ಲ್ಯಾಪ್‌ಟಾಪ್‌ಗೆ ಪ್ಲಗ್ ಪಾಯಿಂಟ್ ಇವೆಲ್ಲ 1915ರ ನಕ್ಷೆಯಲ್ಲಿ ಇದ್ದವಲ್ಲ.

ಪ್ಲಗ್ ಪಾಯಿಂಟ್ ಸಣ್ಣ ಮಾತಲ್ಲ. ಇವತ್ತು ಜಿಲ್ಲಾ ಕೇಂದ್ರಗಳ ಗ್ರಂಥಾಲಯದಲ್ಲಿ ಬೆಳಿಗ್ಗೆಯೇ ಜಾಗ ಹಿಡಿಯುವವರು ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರು. ಪುಸ್ತಕ ತಮ್ಮದೇ, ಬುತ್ತಿಯೂ ತಮ್ಮದೇ. ಗ್ರಂಥಾಲಯದಿಂದ ಅವರು ಕೇಳುವುದು ಒಂದು ಕುರ್ಚಿ, ಫ್ಯಾನು, ಕುಡಿಯುವ ನೀರು, ರಾತ್ರಿ ಒಂಬತ್ತರವರೆಗೆ ದೀಪ. ಕುರ್ಚಿ ಸಾಲದ ಕಡೆ ಮೆಟ್ಟಿಲ ಮೇಲೆ, ಮರದ ಕೆಳಗೆ ಕುಳಿತು ಓದುತ್ತಾರೆ. ಹಿರಿಯರು ಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಓದುವ ಇಳಿಜಾರು ಮೇಜಿನ ಆಚೆ ತುದಿಯಲ್ಲಿ ಇವರು ಸದ್ದಿಲ್ಲದೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿರುತ್ತಾರೆ. 2020ರಲ್ಲಿ ರಾಜ್ಯ ಡಿಜಿಟಲ್ ಗ್ರಂಥಾಲಯವನ್ನೂ ಶುರುಮಾಡಿತು. ಅದು ಪುಸ್ತಕವನ್ನು ಮೊಬೈಲಿಗೆ ತಂದುಕೊಡಬಲ್ಲದು, ಒಂದೇ ಕೋಣೆಯಲ್ಲಿ ಐದು ಜನ ಇರುವ ಮನೆಯ ಹುಡುಗಿಗೆ ಓದಲು ಜಾಗ ತಂದುಕೊಡಲಾರದು.

ಅಕ್ಟೋಬರ್ ಬಂತೆಂದರೆ ಪಂಚಾಯಿತಿಗಳಲ್ಲಿ ಮುಂದಿನ ವರ್ಷದ ಯೋಜನೆ ಬರೆಯುವ ಗ್ರಾಮಸಭೆಗಳು ಶುರುವಾಗುತ್ತವೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಂದೊಂದೇ ಬೇಡಿಕೆ ಓದುತ್ತಾರೆ, ಜನ ತಂತಮ್ಮ ಬೀದಿಯ ಚರಂಡಿಗೆ ಕೈ ಎತ್ತುತ್ತಾರೆ. ಅರಿವು ಕೇಂದ್ರದ ಸೋರುವ ಚಾವಣಿಯ ಸರದಿ ಬರುವಾಗ ಮಧ್ಯಾಹ್ನದ ಊಟದ ಹೊತ್ತು ಮೀರಿರುತ್ತದೆ, ಶಾಮಿಯಾನದ ಕೆಳಗೆ ಅರ್ಧ ಕುರ್ಚಿಗಳು ಖಾಲಿ. ಉಳಿದವರ ಜೇಬಿನಲ್ಲಿ, ಚೀಲದಲ್ಲಿ ಏಪ್ರಿಲ್‌ನಲ್ಲಿ ಕಟ್ಟಿದ ಕಂದಾಯದ ರಸೀತಿ ಇದ್ದರೆ, ಅದರ ನಡುವಿನ ಸಾಲನ್ನು ಗಟ್ಟಿಯಾಗಿ ಓದಿ, ಹೋದ ವರ್ಷ ಈ ಬಾಬಿನಲ್ಲಿ ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂದು ಕೇಳಬಹುದು. ಪಿಡಿಒ ಕಡತ ತೆರೆಯಬೇಕಾಗುತ್ತದೆ.