ಫ್ರೀಗೆ ಅಳತೆ ಗೊತ್ತಾಗುವುದು ಹೇಗೆ?

ಸಿ ಭಾಷೆಯಲ್ಲಿ ಮೆಮೊರಿ ಬೇಕಾದರೆ ಎಷ್ಟು ಬೈಟ್ ಎಂದು ಮ್ಯಾಲಾಕ್‌ಗೆ ಹೇಳಬೇಕು. ಕೆಲಸ ಮುಗಿದ ಮೇಲೆ ಹಿಂದಿರುಗಿಸುವಾಗ ಫ್ರೀಗೆ ಕೊಡುವುದು ಬರೀ ವಿಳಾಸ. ಅಳತೆಯನ್ನು ನಾವು ಹೇಳುವುದಿಲ್ಲ, ಅದು ಕೇಳುವುದೂ ಇಲ್ಲ. ಆದರೂ ಪಡೆದಷ್ಟೇ ಜಾಗ ಕರಾರುವಾಕ್ಕಾಗಿ ವಾಪಸಾಗುತ್ತದೆ. ಪೈಥಾನ್, ಜಾವಾಗಳಲ್ಲಿ ಮೆಮೊರಿಯ ಹೊಣೆಯನ್ನು ಭಾಷೆಗೇ ಬಿಟ್ಟು ವರ್ಷಗಳ ಕಾಲ ದುಡಿದ ಮೇಲೆ, ಸಣ್ಣಸಣ್ಣ ಅಭ್ಯಾಸಗಳನ್ನು ಹಿಡಿದು ಸಿಯನ್ನು ಮತ್ತೆ ಕಲಿಯಲು ಕೂತ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ಈ ಸಂಗತಿ. ಹಾಗಾದರೆ ಅಳತೆ ಎಲ್ಲಿ ಬರೆದಿರುತ್ತದೆ?

ಉತ್ತರ ಹುಡುಕುತ್ತಾ ಹೋದರೆ 1962ಕ್ಕೆ ತಲುಪುತ್ತೇವೆ. ಡೊನಾಲ್ಡ್ ಕ್ನೂತ್‌ಗೆ ಆಗ 24 ವರ್ಷ. ಬರೋಸ್ ಕಂಪನಿಯ ಬಿ5000 ಗಣಕದ ನಿಯಂತ್ರಣ ಪ್ರೋಗ್ರಾಮಿಗಾಗಿ ಮೆಮೊರಿ ಹಂಚುವ ಉಪಾಯವೊಂದನ್ನು ಅವರು ರೂಪಿಸುತ್ತಿದ್ದರು. ಹಂಚುವುದೇನೋ ಸುಲಭ, ವಾಪಸು ಬಂದದ್ದನ್ನು ಸೇರಿಸಿಕೊಳ್ಳುವುದೇ ಕಷ್ಟ. ಒಂದು ತುಂಡು ಬಿಡುಗಡೆಯಾದಾಗ ಅಕ್ಕಪಕ್ಕದವೂ ಖಾಲಿಯಿದ್ದರೆ ಮೂರನ್ನೂ ಕೂಡಿಸಿ ಒಂದು ಮಾಡಬೇಕು. ಇಲ್ಲದಿದ್ದರೆ ಒಟ್ಟು ಜಾಗ ಬೇಕಾದಷ್ಟಿದ್ದರೂ ಅದು ಚೂರುಚೂರಾಗಿ ಉಳಿದು, ದೊಡ್ಡ ಬೇಡಿಕೆಗೆ ಕೊಡಲು ಏನೂ ಇರುವುದಿಲ್ಲ. ಪಕ್ಕದ್ದು ಖಾಲಿಯೇ ಎಂದು ತಿಳಿಯಬೇಕಾದರೆ ಖಾಲಿ ತುಂಡುಗಳ ಪಟ್ಟಿಯನ್ನು ತಡಕಾಡಬೇಕು. ಪಟ್ಟಿ ಬೆಳೆದಷ್ಟೂ ಕೆಲಸ ನಿಧಾನ.

ಕ್ನೂತ್ ಮಾಡಿದ್ದು ಹೊಲದ ಎರಡೂ ಕೊನೆಗೆ ಬಾಂದುಕಲ್ಲು ನೆಡುವಂಥ ಕೆಲಸ. ಪ್ರತಿ ತುಂಡಿನ ತಲೆಗೂ ಬುಡಕ್ಕೂ ಖಾಲಿಯೋ ತುಂಬಿದೆಯೋ ಎಂಬ ಗುರುತು ಹಾಕಿದರು. ತಲೆಯಲ್ಲಿ ಅಳತೆ ಬರೆದರು, ಖಾಲಿ ತುಂಡಾದರೆ ಬುಡದಲ್ಲೂ ಬರೆದರು. ಈಗ ಬಿಡುಗಡೆಯಾದ ತುಂಡಿನಿಂದ ಒಂದು ಹೆಜ್ಜೆ ಹಿಂದೆ ನೋಡಿದರೆ ಹಿಂದಿನದರ ಬುಡ, ಅಳತೆಯಷ್ಟು ಮುಂದೆ ಹೋದರೆ ಮುಂದಿನದರ ತಲೆ. ಪಟ್ಟಿ ಹುಡುಕುವ ಗೋಜೇ ಇಲ್ಲ. 1968ರಲ್ಲಿ ಬಂದ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಮೊದಲ ಸಂಪುಟದಲ್ಲಿ ಇದು ವಿವರವಾಗಿದೆ. ಕ್ನೂತ್ ಇದನ್ನು ರೂಪಿಸಿದ ಮರುವರ್ಷ, 1963ರಲ್ಲಿ, ಹ್ಯಾರಿ ಮಾರ್ಕೊವಿಟ್ಜ್ ಇದೇ ತೊಡಕಿಗೆ ಬೇರೊಂದು ದಾರಿ ಕಂಡುಕೊಂಡರು. ತುಂಡುಗಳನ್ನು ಸದಾ ಅರ್ಧರ್ಧ ಸೀಳುತ್ತಾ ಹೋದರೆ ಜೊತೆಯ ತುಂಡಿನ ವಿಳಾಸವನ್ನು ಲೆಕ್ಕ ಹಾಕಿಯೇ ತಿಳಿಯಬಹುದು. 1990ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರೂ ಇವರೇ. ಮೆಮೊರಿ ಹಂಚಿಕೆ ಎಂಥೆಂಥ ಬುದ್ಧಿಗಳನ್ನು ಸೆಳೆದಿತ್ತು ನೋಡಿ.

1987ರಲ್ಲಿ ಡಗ್ ಲೀ ಬರೆಯತೊಡಗಿದ ಮ್ಯಾಲಾಕ್ ಕ್ನೂತ್ ದಾರಿಯನ್ನೇ ಹಿಡಿಯಿತು. ಇಂದು ಬಹುಪಾಲು ಲಿನಕ್ಸ್ ಗಣಕಗಳಲ್ಲಿರುವ ಜಿಲಿಬ್‌ಸಿ ಎಂಬ ಸಿ ಲೈಬ್ರರಿಯ ಮ್ಯಾಲಾಕ್ ಅದರ ಸಂತಾನ. ಹಾಗಾಗಿ 1962ರ ಆ ಗುರುತನ್ನು ನಮ್ಮ ಗಣಕದಲ್ಲೇ ಕಾಣಬಹುದು. ನಾನು ಮಾಡಿಕೊಂಡ ಅಭ್ಯಾಸ ಇಷ್ಟೇ: 64 ಬಿಟ್ ಲಿನಕ್ಸ್‌ನಲ್ಲಿ 24 ಬೈಟ್ ಕೇಳಿ, ಸಿಕ್ಕ ಪಾಯಿಂಟರಿನ ಹಿಂದಿನ 8 ಬೈಟ್‌ಗಳನ್ನು ಒಂದು ಸಂಖ್ಯೆಯಾಗಿ ಓದುವುದು. ಸಿ ಭಾಷೆಯ ನಿಯಮ ಇದಕ್ಕೆ ಒಪ್ಪುವುದಿಲ್ಲ, ಕಲಿಕೆಗಷ್ಟೇ ಇದು. ಬಂದ ಉತ್ತರ 33. ಅಳತೆ ಬರೆಯುವ 8 ಬೈಟ್ ಸೇರಿ ತುಂಡಿನ ಗಾತ್ರ 32. ಗಾತ್ರ ಸದಾ 16ರ ಗುಣಕವಾದ್ದರಿಂದ ಕೊನೆಯ ಬಿಟ್‌ಗಳಿಗೆ ಕೆಲಸವಿಲ್ಲ, ಅವುಗಳಲ್ಲೊಂದು ‘ಹಿಂದಿನ ತುಂಡು ಬಳಕೆಯಲ್ಲಿದೆ’ ಎಂದು ಹೇಳುತ್ತದೆ. ಉಳಿದ 1 ಅದೇ. 25 ಬೈಟ್ ಕೇಳಿದರೆ 49.

ಮುಂದಿನ ಅಭ್ಯಾಸ ನನಗೆ ಇನ್ನೂ ಹೆಚ್ಚು ಕಲಿಸಿತು. 24 ಬೈಟ್‌ಗಳ ತುಂಡುಗಳನ್ನು ಒಂದರ ಹಿಂದೊಂದು ಪಡೆದು, ಮೊದಲನೆಯದಕ್ಕೆ 24 ಅಕ್ಷರಗಳ ಸ್ಟ್ರಿಂಗನ್ನು ಬೇಕೆಂದೇ ನಕಲು ಮಾಡಿದೆ. ಸ್ಟ್ರಿಂಗಿನ ಕೊನೆಯ ಸೊನ್ನೆ 25ನೆಯ ಬೈಟಿಗೆ ಬಿದ್ದಿತು. ಅಲ್ಲಿದ್ದದ್ದು ಪಕ್ಕದ ತುಂಡಿನ ಅಳತೆ. 33 ಇದ್ದದ್ದು 0 ಆಯಿತು! ಪ್ರೋಗ್ರಾಮ್ ಆ ಕ್ಷಣಕ್ಕೆ ಚಕಾರವೆತ್ತಲಿಲ್ಲ. ಅದು ಕುಸಿಯುವುದು ಆಮೇಲೆ, ಏನೂ ತಪ್ಪಿಲ್ಲದ ಪಕ್ಕದ ತುಂಡನ್ನು ಫ್ರೀ ಮಾಡುವಾಗ. ಸಿಯಲ್ಲಿ ಮೆಮೊರಿಯ ದೋಷ ಒಂದು ಕಡೆ, ಕುಸಿತ ಇನ್ನೊಂದು ಕಡೆ ಏಕೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ವಿವರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಸ್ಟ್ರಿಂಗಿಗೆ ಒಂದು ಬೈಟ್ ಹೆಚ್ಚು ಕೇಳು, ಎರಡು ಸಲ ಫ್ರೀ ಮಾಡಬೇಡ ಎಂಬ ನಿಯಮಗಳನ್ನು ಬಾಯಿಪಾಠ ಮಾಡಿದವರು ಮರೆಯಬಹುದು. ಆ 33 ಸೊನ್ನೆಯಾದದ್ದನ್ನು ಕಣ್ಣಾರೆ ಕಂಡವರು ಮರೆಯಲಾರರು.

ಸಿ ಕಲಿಯುತ್ತಿರುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಕೆರ್ನಿಗನ್ ಮತ್ತು ರಿಚಿಯವರ ಸಿ ಪುಸ್ತಕದ ಎಂಟನೆಯ ಅಧ್ಯಾಯದಲ್ಲಿ ಪುಟ್ಟದೊಂದು ಮ್ಯಾಲಾಕ್ ಇದೆ. ಅದರ ಫ್ರೀ ಈಗಲೂ ಪಟ್ಟಿಯನ್ನು ಹುಡುಕುತ್ತಲೇ ಹೋಗುತ್ತದೆ. ಅದನ್ನು ನಿಮ್ಮ ಕೈಯಿಂದಲೇ ಬರೆದು ಓಡಿಸಿ, ಆಮೇಲೆ ಕ್ನೂತ್ ಗುರುತುಗಳನ್ನು ಅದಕ್ಕೆ ಸೇರಿಸಿ.